ಪದ ಬೇಕಿದೆ: ಏರ್‌ಸಾಫ್ಟ್ ಬಂದೂಕಿನ 'ರೇಟ್ ಆಫ್ ಫೈರ್' (ನಾಳೆಯೊಳಗೆ)

ಎಲ್ಲರಿಗೂ ನಮಸ್ಕಾರ.

ಬ್ಯಾಟರಿಯಿಂದ ನಡೆಯುವ ಏರ್‌ಸಾಫ್ಟ್ ಬಂದೂಕಿನ ರಿಪೇರಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮುಕ್ಕಾಲು ಪಾಲು ಆಗಿದೆ. 'ರೇಟ್ ಆಫ್ ಫೈರ್ ಹೆಚ್ಚಿಸುವುದು' ಎನ್ನುವ ಅಧ್ಯಾಯಕ್ಕೆ ಬಂದು ನಿಂತಿದ್ದೇನೆ, ತಲೆಬರಹವೇ ಹೊಂದುತ್ತಿಲ್ಲ. ಪುಟ ಕಟ್ಟುವವರು ನಾಳೆ ಸಂಜೆಗೆ ಕೇಳಿದ್ದಾರೆ.

ಈ ಬಂದೂಕು ನೋಡದವರಿಗಾಗಿ: ಇದರಲ್ಲಿ ಮದ್ದು ಇಲ್ಲ. ಕುದುರೆ ಒತ್ತಿದರೆ ಮೋಟಾರು ತಿರುಗುತ್ತದೆ. ಮೂರು ಹಲ್ಲುಚಕ್ರಗಳ ಪೈಕಿ ಕೊನೆಯದು ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಸ್ಪ್ರಿಂಗ್ ಅದುಮುತ್ತದೆ. ಆ ಚಕ್ರಕ್ಕೆ ಸುತ್ತಲೂ ಹಲ್ಲಿಲ್ಲ, ಒಂದು ಕಡೆ ಬೋಳು. ಬೋಳು ಕಡೆ ಬಂದ ಕೂಡಲೇ ಪಿಸ್ಟನ್ ಬಿಡಿಸಿಕೊಂಡು ಮುಂದಕ್ಕೆ ಚಿಮ್ಮುತ್ತದೆ, ಅದು ತಳ್ಳಿದ ಗಾಳಿಗೆ 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರುತ್ತದೆ. ಚಕ್ರದ ಒಂದು ಸುತ್ತಿಗೆ ಒಂದು ಗುಂಡು. ಸೆಕೆಂಡಿಗೆ ಇಂಥವು ಎಷ್ಟು ಎನ್ನುವುದಕ್ಕೆ ಪದ ಬೇಕು.

'ಗುಂಡಿನ ವೇಗ' ಆಗುವುದಿಲ್ಲ. ಅದು ನಳಿಗೆಯಿಂದ ಹೊರಟ ಗುಂಡು ಎಷ್ಟು ಜೋರಾಗಿ ಹೋಗುತ್ತದೆ ಎಂಬುದು, ಅದಕ್ಕೆ ಬೇರೆ ಅಧ್ಯಾಯವಿದೆ. 'ಗುಂಡು ಹಾರಿಸುವ ವೇಗ' ಎಂದರೂ ಓದುವವರು ಅಲ್ಲಿಗೇ ಹೋಗುತ್ತಾರೆ.

ಜೊತೆಗೆ ಇನ್ನೊಂದು: ಪಿಸ್ಟನ್ ಮುಂದೆ ಹೋಗಿ ಪೂರ್ತಿ ಕೂರುವ ಮೊದಲೇ ಚಕ್ರದ ಹಲ್ಲು ಮತ್ತೆ ಬಂದು ಕಚ್ಚಿಕೊಂಡರೆ ಅದಕ್ಕೆ 'ಪ್ರಿ-ಎಂಗೇಜ್‌ಮೆಂಟ್' ಅನ್ನುತ್ತಾರೆ. ಇದಕ್ಕೂ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

---

ಏಕಮಾನ ಕಾಲದಲ್ಲಿ ಎಷ್ಟು ಸಲ ಎಂಬುದಕ್ಕೆ 'ಆವರ್ತನ' ಎಂಬ ಪದ ಇದ್ದೇ ಇದೆ. 'ಕ್ಷೇಪಣಾವರ್ತನ' ಎನ್ನಿ. ಚರ್ಚೆಗೆ ಏನೂ ಉಳಿದಿಲ್ಲ.

---

ಕನ್ನಡದ ಪದ ಕೇಳಿದರೆ ಸಂಸ್ಕ್ರುತದ ಪದ ಕೊಡುವುದು ಈ ಗುಂಪಿನ ಹಳೆಯ ಚಾಳಿ. ಬಿಲ್ಲಿನಿಂದ ಅಂಬು ಬಿಡುವುದಕ್ಕೆ ನಮ್ಮಲ್ಲಿ 'ಎಸು' ಎಂಬ ಪದವಿತ್ತು. ಎಸು, ಎಚ್ಚ, ಎಸುಗೆ. ಹಳಗನ್ನಡದ ಕಾಳಗದ ವರ್ಣನೆ ಯಾವುದನ್ನಾದರೂ ತೆಗೆದು ನೋಡಿ, ಬಿಲ್ಲಾಳು ಎಸುತ್ತಲೇ ಇರುತ್ತಾನೆ. 'ಎಸುಗೆಯ ಬಿರುಸು' ಎಂದು ಬರೆಯಿರಿ. ಬಿರುಸು ಎಂದರೆ ಜೋರು, ಬಿರುಸು ಎಂದರೆ ಸಿಡಿಯುವ ಬಾಣಬಿರುಸು ಕೂಡ. ಎರಡೂ ಅರ್ತ ಹೊಂದುತ್ತವೆ, ಇದಕ್ಕಿಂತ ಇನ್ನೇನು ಬೇಕು?

---

'ಕ್ಷೇಪಣಾವರ್ತನ' ಎಂದರೆ ಉಪಗ್ರಹ ಹಾರಿಸುತ್ತಾರೆ ಎಂದುಕೊಳ್ಳುತ್ತಾರೆ. 'ಎಸುಗೆ' ಎಂದರೆ ಮುದ್ರಣದೋಷ ಎಂದುಕೊಂಡು 'ಬೆಸುಗೆ' ಎಂದು ತಿದ್ದುತ್ತಾರೆ. ಕರಡು ನೋಡುವವರ ಕೈ ನನಗೆ ಗೊತ್ತು.

ಬಂದೂಕಿಗೆ ಸಂಬಂಧಿಸಿದ ಪದ ಬೇಕಾದರೆ ಬಂದೂಕು ಹಿಡಿದವರನ್ನು ಕೇಳಬೇಕು. ಬೇಟೆಗಾರರ ಬಾಯಲ್ಲಿ 'ಈಡು' ಇದೆಯಲ್ಲ! ಈಡು ಹೊಡೆದ, ಒಂದೇ ಈಡಿಗೆ ಹಂದಿ ಉರುಳಿತು, ಎರಡನೇ ಈಡು ತಪ್ಪಿತು. ಗುಂಡಲ್ಲ, ಸದ್ದಲ್ಲ, ಒಂದು ಸಲದ ಹೊಡೆತಕ್ಕೆ ಈಡು ಎನ್ನುತ್ತಾರೆ. ಬೇಟೆಯವನು ಈಡುಗಾರ. ಕೇಳಿದವರಿಗೆ ಬೇಕಾದದ್ದು ಎಣಿಸಲು ಬರುವ ಪದ. ಬಿರುಸನ್ನು ಎಣಿಸಲಾಗದು, ಈಡನ್ನು ಎಣಿಸಬಹುದು: ಸೆಕೆಂಡಿಗೆ 25 ಈಡು.

ಹುಟ್ಟು ಕೂಡ ಚೊಕ್ಕ. ಕೆಡು-ಕೇಡು, ಬಿಡು-ಬೀಡು, ಪಡು-ಪಾಡು, ಅದೇ ಸಾಲಿನಲ್ಲಿ ಇಡು-ಈಡು. ಹಳೆಯ 'ಇಡು'ವಿಗೆ ಎಸೆ, ಹೊಡೆ ಎಂಬ ಅರ್ಥಗಳೂ ಇದ್ದವು. ಈಗ ನಾವು ಅದನ್ನು ಬರೀ ಮೇಜಿನ ಮೇಲೆ ಲೋಟ ಇಡುವುದಕ್ಕೆ ಇಳಿಸಿದ್ದೇವೆ. ಧಾತುವಿನ ಮೊದಲ ಸ್ವರ ಎಳೆದು ನಾಮಪದ ಮಾಡುವ ಈ ಕ್ರಮದ ಬಗ್ಗೆ ಹಿಂದೆಯೂ ಇಲ್ಲಿ ಬರೆದಿದ್ದೆ, ಆಗ ಒಬ್ಬರೂ ಉತ್ತರಿಸಲಿಲ್ಲ.

---

ಈಡು ಎಂದರೆ ಅಡಮಾನ. ಹೊಲ ಈಡಿಟ್ಟು ಸಾಲ ತೆಗೆಯುತ್ತಾರೆ. ಅಪಘಾತಕ್ಕೀಡಾದರು ಎಂದು ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ಈಡು-ಜೋಡು ಎಂದೂ ಇದೆ. ಇಷ್ಟು ಅರ್ಥ ಹೊತ್ತ ಪದ ತಾಂತ್ರಿಕ ಬರಹಕ್ಕೆ ಸಲ್ಲದು. ಪಾರಿಭಾಷಿಕ ಪದಕ್ಕೆ ಒಂದೇ ಅರ್ಥ ಇರಬೇಕು ಎಂಬ ಮೊದಲ ಪಾಠವೂ ಮರೆತಿತೇ?

---

ಕೇಳಿದವರು 'ಕುದುರೆ ಒತ್ತಿದರೆ' ಎಂದು ಬರೆದಾಗ ಯಾರೂ ಹುಲ್ಲು ತರಲಿಲ್ಲ.

---

ನಾನು ಈ ಗೇರ್‌ಬಾಕ್ಸ್‌ಗಳನ್ನು ಬಿಚ್ಚುವವನು. ನಾವು 'ಆರ್‌ಪಿಎಸ್' (ರೌಂಡ್ಸ್ ಪರ್ ಸೆಕೆಂಡ್) ಅಂತೀವಿ, ಮಾತು ಮುಗೀತು. ಆದರೂ ಇಷ್ಟು ಓದಿದ ಮೇಲೆ ಒಂದು ಮಾತು ಹೇಳದೆ ಇರಲಾರೆ: ಏನಾದರೂ ಇಡಿ, 'ವೇಗ' ಮಾತ್ರ ಬೇಡ.

'ವೇಗ ಹೆಚ್ಚಿಸುವುದು' ಎಂದು ಓದಿದ ಹುಡುಗ ಮೊದಲು ಮಾಡುವ ಕೆಲಸ ಗಟ್ಟಿ ಸ್ಪ್ರಿಂಗ್ ಹಾಕುವುದು. ಗುಂಡು ಜೋರಾಗಿ ಹೋಗುತ್ತದೆ, ಸರಿ. ಆದರೆ ಅದೇ ಮೋಟಾರು ಆ ಸ್ಪ್ರಿಂಗನ್ನು ಎಳೆಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಸೆಕೆಂಡಿಗೆ ಬೀಳುವ ಗುಂಡು ಕಡಿಮೆಯಾಗುತ್ತದೆ. ಕೇಳಿದ್ದಕ್ಕೆ ಪೂರಾ ಉಲ್ಟಾ. ಮೇಲಾಗಿ ಆಟದ ಮೈದಾನಗಳಲ್ಲಿ ಅಳೆದು ಮಿತಿ ಹಾಕುವುದು ಆ ಗುಂಡಿನ ಜೋರಿಗೆ. ಮಿತಿ ಮೀರಿದರೆ ಎದುರಿನವನಿಗೆ ಪೆಟ್ಟು. ಎರಡಕ್ಕೂ ಒಂದೇ ಪದ ಇಟ್ಟರೆ ಕೈಪಿಡಿಯೇ ಅಪಾಯ.

ನಿಜವಾಗಿ ಹೆಚ್ಚುವುದು ಹೀಗೆ. ಸಾಮಾನ್ಯ ಗೇರ್‌ನಲ್ಲಿ ಮೋಟಾರು ಸುಮಾರು 18 ಸುತ್ತು ಬಂದರೆ ಒಂದು ಗುಂಡು. ಭಾರ ಬಿದ್ದಾಗಲೂ ಮೋಟಾರು ನಿಮಿಷಕ್ಕೆ 27,000 ಸುತ್ತು ಹಿಡಿದರೆ ಗೇರ್ 1,500 ಸುತ್ತು, ಅಂದರೆ ಸೆಕೆಂಡಿಗೆ 25. 13 ಸುತ್ತಿಗೇ ಒಂದು ಗುಂಡು ಬಿಡುವ ಗೇರ್ ಹಾಕಿ ಮೋಟಾರು ಅದೇ ಸುತ್ತು ಉಳಿಸಿಕೊಂಡರೆ 34 ದಾಟಬೇಕು. ಉಳಿಸಿಕೊಳ್ಳುವುದಿಲ್ಲ, ಎಳೆಯುವ ಶಕ್ತಿಯ ಮೋಟಾರು ಇಲ್ಲದಿದ್ದರೆ ಮುಗ್ಗರಿಸುತ್ತದೆ. 7.4 ವೋಲ್ಟಿನ ಲಿಪೋ ಬ್ಯಾಟರಿ ತೆಗೆದು 11.1ರದ್ದು ಹಾಕುವುದು ಎಲ್ಲಕ್ಕಿಂತ ಸುಲಭ, ಮೋಟಾರು ಹೆಚ್ಚುಕಮ್ಮಿ ಒಂದೂವರೆ ಪಟ್ಟು ತಿರುಗುತ್ತದೆ. ಆದರೆ ಕುದುರೆಯ ಹಿಂದಿನ ತಾಮ್ರದ ಕಾಂಟ್ಯಾಕ್ಟುಗಳು ಕಿಡಿ ಹಾರಿ ಕಪ್ಪಗಾಗುತ್ತವೆ, ಮಾಸ್‌ಫೆಟ್ (ಕಿಡಿಯಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚು) ಕೂರಿಸಲೇಬೇಕು.

25 ಎಂದರೆ ಒಂದು ಸುತ್ತಿಗೆ 40 ಮಿಲಿಸೆಕೆಂಡು. ಎಳೆಯುವುದು, ಬಿಡುವುದು, ಮುಂದಿನ ಗುಂಡು ಬಂದು ಕೂರುವುದು ಎಲ್ಲಾ ಅಷ್ಟರಲ್ಲೇ. ಇನ್ನೂ ಏರಿಸಿದರೆ ಪಿಸ್ಟನ್ ಕೂರುವ ಮೊದಲೇ ಹಲ್ಲು ಬಂದು ಕಚ್ಚುತ್ತದೆ, ಪಿಸ್ಟನ್ನಿನ ಹಲ್ಲು ಸೀಳಿ ಹೋಗುತ್ತದೆ. ಆಗ ಪಿಸ್ಟನ್ ಹಗುರ ಮಾಡುತ್ತಾರೆ, ಇಲ್ಲವೇ ಗೇರ್‌ನ ಹಲ್ಲು ಒಂದೆರಡು ಉಜ್ಜಿ ತೆಗೆಯುತ್ತಾರೆ. ತೆಗೆಯುವುದು ಪಿಸ್ಟನ್ ಬಿಡುವ ಕಡೆಯ ಹಲ್ಲು, ಹಿಡಿಯುವ ಕಡೆಯದ್ದಲ್ಲ! ಅನುವಾದದಲ್ಲಿ 'ಮೊದಲ ಹಲ್ಲು', 'ಕೊನೆಯ ಹಲ್ಲು' ಅದಲುಬದಲಾಗದಂತೆ ನೋಡಿಕೊಳ್ಳಿ, ಈ ಚರ್ಚೆಗಿಂತ ಅದು ಮುಖ್ಯ. ಗಟ್ಟಿ ಸ್ಪ್ರಿಂಗ್ ಇಲ್ಲಿ ಬೇಕಾಗುತ್ತದೆ, ಪಿಸ್ಟನ್ ಬೇಗ ಮುಂದೆ ಹೋಗಿ ಕೂರಲಿ ಅಂತ.

---

ಪ್ರಿ-ಎಂಗೇಜ್‌ಮೆಂಟಿಗೆ 'ಮುಂಗಚ್ಚು'. ಮುಂಗೋಪ, ಮುಂಗಡ ಇದ್ದ ಹಾಗೆ. ಪಿಸ್ಟನ್ನಿಗೆ 'ಕೊಂತ' ಇದೆ. ಮೇಲಿನವರು ಗೇರು, ಮೋಟಾರು, ಬ್ಯಾಟರಿ, ಸ್ಪ್ರಿಂಗು, ವೋಲ್ಟು ಎಂದು ಬರೆದದ್ದರಲ್ಲಿ ಕನ್ನಡ ಉಳಿದಿರುವುದು ಹಲ್ಲು ಮಾತ್ರ. ಅದನ್ನೂ ಉಜ್ಜಿ ತೆಗೆಯಿರಿ ಎನ್ನುತ್ತಿದ್ದಾರೆ.

---

ಮುಂಗಚ್ಚು ಚೆನ್ನಾಗಿದೆ. ನಾನೇ ಬಳಸುತ್ತೇನೆ. ಕೊಂತ ಬೇಡ, ಅಂಗಡಿಯಲ್ಲಿ ಕೊಂತ ಕೊಡಿ ಎಂದರೆ ಏನು ಕೊಟ್ಟಾರೋ.

---

ಕಡ ತಂದ ಪದಗಳ ಮೇಲೆ ಇಷ್ಟು ಸಿಟ್ಟಿದ್ದರೆ 'ಬಂದೂಕು' ಎನ್ನುವುದನ್ನೂ ಬಿಡಿ. ಅದು ಅರಬ್ಬಿಯ 'ಬುಂದುಕ್'. ಮೊದಲ ಅರ್ಥ ಹೇಜಲ್ ಕಾಯಿ, ಆಮೇಲೆ ಆ ಕಾಯಿಯಂಥ ಉಂಡೆ, ಆಮೇಲೆ ಉಂಡೆ ಹಾರಿಸುವ ಆಯುಧ. ಅರಬ್ಬಿಗೂ ಅದು ಗ್ರೀಕಿನಿಂದ ಬಂದದ್ದು. ಹಾಗೆ ನೋಡಿದರೆ ಸೀಸದ ಗುಂಡಿನ ಬಂದೂಕಿಗಿಂತ ಈ ಪ್ಲಾಸ್ಟಿಕ್ ಉಂಡೆಯ ಆಟಿಕೆಗೇ ಹೆಸರು ಹೆಚ್ಚು ಒಪ್ಪುತ್ತದೆ.

ಇನ್ನು ಈ ವಸ್ತುವನ್ನು ಹುಟ್ಟಿಸಿದ ಜಪಾನಿಗಳನ್ನು ನೋಡಿ. ವಿದ್ಯುತ್ ಬಂದೂಕಿಗೆ ಅವರು ಹೇಳುವುದು 'ದೆಂದೋ ಗನ್'. ದೆಂದೋ ಎನ್ನುವುದು ಚೀನೀ ಮೂಲದ್ದು, ಗನ್ ಇಂಗ್ಲಿಷ್. ಎರಡೂ ಕಡದ್ದೇ. ಅದರಿಂದ ಜಪಾನೀ ಭಾಷೆ ಸತ್ತು ಹೋಯಿತೇ? ಮಾಡುವವನು ಹೆಸರಿಡುತ್ತಾನೆ, ಕೊಳ್ಳುವವನು ಹೆಸರಿನ ಮೇಲೆ ಜಗಳವಾಡುತ್ತಾನೆ.

---

ಬಂದೂಕು ಬಿಡಲು ನಾನು ಸಿದ್ಧ. 'ಕೋವಿ' ಇದೆ. ಕೊಳವೆ ಎಂಬ ಅರ್ಥದಿಂದ ಬಂದ ಅಚ್ಚಗನ್ನಡ. ಇದನ್ನು ಹತ್ತು ವರುಶದಿಂದ ಹೇಳುತ್ತಿದ್ದೇನೆ.

---

'ವರುಶ'. ಮಹಾಪ್ರಾಣ ಹೋಯಿತು, ಈಗ ಷಕಾರದ ಸರದಿ. ಇವರ ಜೊತೆ ಪಾರಿಭಾಷಿಕ ಪದ ಚರ್ಚಿಸುವುದು ವ್ಯರ್ಥ. ನಾನು ಕೊಟ್ಟ 'ಕ್ಷೇಪಣಾವರ್ತನ' ದಾಖಲೆಯಲ್ಲಿರಲಿ.

---

ಎಲ್ಲರಿಗೂ ವಂದನೆ. ಪುಟ ಕಟ್ಟುವವರಿಂದ ಮತ್ತೆ ಕರೆ ಬಂತು, ಹೀಗೆ ಕಳುಹಿಸುತ್ತಿದ್ದೇನೆ. ತಲೆಬರಹ: 'ಸೆಕೆಂಡಿಗೆ ಬೀಳುವ ಈಡುಗಳನ್ನು ಹೆಚ್ಚಿಸುವುದು'. ಪಟ್ಟಿಗಳಲ್ಲಿ 'ಈಡು/ಸೆಕೆಂಡು'. ಇನ್ನೊಂದು ಅಧ್ಯಾಯಕ್ಕೆ 'ಗುಂಡಿನ ವೇಗ' ಹಾಗೇ ಇರುತ್ತದೆ, ಅದು ಅಡಿ/ಸೆಕೆಂಡು. 'ಮುಂಗಚ್ಚು' ಹಾಕಿದ್ದೇನೆ, ಮೊದಲ ಸಲ ಬಂದಲ್ಲಿ ಒಂದು ಸಾಲು ವಿವರಣೆ ಕೊಟ್ಟು. ಬಂದೂಕು ಬಂದೂಕಾಗಿಯೇ ಉಳಿದಿದೆ. ಹಲ್ಲು ಉಜ್ಜುವ ಭಾಗದಲ್ಲಿ 'ಮೊದಲ, ಕೊನೆಯ' ಎರಡನ್ನೂ ತೆಗೆದು 'ಪಿಸ್ಟನ್ ಹಿಡಿಯುವ ಹಲ್ಲು', 'ಪಿಸ್ಟನ್ ಬಿಡುವ ಹಲ್ಲು' ಎಂದು ಮಾಡಿದೆ.

---

'25 ಈಡುಗಳು' ಎಂದು ಎಲ್ಲೂ ಬರೆಯಬೇಡಿ. ಸಂಖ್ಯೆ ಬಂದ ಮೇಲೆ '25 ಈಡು' ಸಾಕು.

---

ಅದು ಕೂಡ ಚರ್ಚಾಸ್ಪದ. ಬೇರೆ ತಲೆಬರಹದಲ್ಲಿ ಬರೆಯುತ್ತೇನೆ.