ಪದಚರ್ಚೆ: ಟೇಪಿನ ಬಟನ್ ‘ಸಿಲುಕುವುದೋ’, ‘ಹಿಡಿದುಕೊಳ್ಳುವುದೋ’?

ಪ್ರಶ್ನೆ: ನಾವು ಟೂ-ಇನ್-ವನ್ ಎನ್ನುತ್ತಿದ್ದ, ಈಗಿನವರು ಬೂಮ್‌ಬಾಕ್ಸ್ ಎನ್ನುವ ಹಳೆಯ ರೇಡಿಯೊ-ಕ್ಯಾಸೆಟ್ ಸೆಟ್ಟುಗಳ ದುರಸ್ತಿ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಮೂಲದಲ್ಲಿ ‘ಸ್ಟಕ್’ ಎಂದಿರುವ ಕಡೆಯೆಲ್ಲ ‘ಸಿಲುಕಿದೆ’ ಎಂದು ಹಾಕಿದೆ: ಬಟನ್ ಸಿಲುಕಿದೆ, ಗೇರು ಸಿಲುಕಿದೆ, ಟೇಪ್ ಸಿಲುಕಿದೆ. ಕಿವಿಗೆ ಹಿತವಾಗುತ್ತಿಲ್ಲ. ಎಲ್ಲ ಕಡೆ ‘ಜಾಮ್ ಆಗಿದೆ’ ಎಂದರೆ ಸಾಕೇ?

ಉತ್ತರ: ಸಾಲದು. ‘ಜಾಮ್’ ಗಿರಾಕಿಯ ಮಾತು. ರಿಪೇರಿಗೆ ಕೂತವನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಇನ್ನು ಸಿಲುಕಲು ಹೊರಗಿನಿಂದ ಏನಾದರೂ ಬರಬೇಕು: ಬಲೆಗೆ ಮೀನು, ಬೇಲಿಗೆ ಸೆರಗು. ತನ್ನ ಜಾಗದಲ್ಲೇ ಇದ್ದ ಭಾಗ ಅಲುಗದಿದ್ದರೆ ಅದು ‘ಹಿಡಿದುಕೊಂಡಿದೆ’, ಮಳೆಗಾಲದ ಬಾಗಿಲಿನ ಹಾಗೆ.

ಬಟನ್ನಿಗಂತೂ ನಮ್ಮಲ್ಲಿ ಇನ್ನೂ ಒಳ್ಳೆಯ ಜೋಡಿಯಿದೆ. ‘ಪ್ಲೇ ಕೂರ್ತಿಲ್ಲ’ ಒಂದು ದೋಷ, ‘ಪ್ಲೇ ಏಳ್ತಿಲ್ಲ’ ಅದರ ತದ್ವಿರುದ್ಧ. ಕೂರದಿದ್ದರೆ ಬಟನ್ನನ್ನು ಹಿಡಿದಿಡುವ ಪಟ್ಟಿಯ ಸ್ಪ್ರಿಂಗ್ ಕಳಚಿರುತ್ತದೆ. ಕೂತು ಕೆಲವು ಸೆಕೆಂಡಿಗೆ ಟಕ್ಕೆಂದು ಎದ್ದರೆ, ರೀಲು (ಕ್ಯಾಸೆಟ್ಟಿನೊಳಗಿನ ಕಂದು ಪಟ್ಟಿ) ಸುತ್ತುವ ಕಡೆಯ ಸ್ಪಿಂಡಲ್, ಅಂದರೆ ಕ್ಯಾಸೆಟ್ಟಿನ ಚಕ್ರವನ್ನು ತಿರುಗಿಸುವ ಗೂಟ, ತಿರುಗದೆ ಆಟೋಸ್ಟಾಪ್ (ರೀಲು ನಿಂತಾಗ ಬಟನ್ನನ್ನು ತಾನಾಗಿ ಎಬ್ಬಿಸುವ ಏರ್ಪಾಡು) ಒದೆಯುತ್ತಿದೆ. ಏಳದಿದ್ದರೆ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿದೆ, ಬಟನ್ನಿನ ಸ್ಪ್ರಿಂಗಿಗೆ ಅದನ್ನು ವಾಪಸ್ ಎಳೆಯುವ ಶಕ್ತಿ ಸಾಲುತ್ತಿಲ್ಲ. 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಅದನ್ನು ಪೂರ್ತಿ ಒರೆಸಿ, ಪ್ಲಾಸ್ಟಿಕ್ಕಿಗೆ ಹೊಂದುವ ಬಿಳಿ ಗ್ರೀಸನ್ನು ಗುಂಡುಸೂಜಿಯ ತಲೆಯಷ್ಟು ಹಚ್ಚಬೇಕು. ಸ್ಪ್ರೇ ಎಣ್ಣೆ ಬೇಡ. ಬೆಲ್ಟಿಗೂ ರಬ್ಬರ್ ರೋಲರಿಗೂ ಸಿಡಿದು ಎರಡೂ ಜಾರತೊಡಗುತ್ತವೆ. ಕೊಬ್ಬರಿ ಎಣ್ಣೆಯಂತೂ ಖಂಡಿತ ಬೇಡ: ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಚಳಿಗಾಲದ ಬೆಳಗ್ಗೆ ಬಟನ್ ಮತ್ತೆ ಏಳುವುದಿಲ್ಲ.

ಕ್ಯಾಸೆಟ್ಟಿನ ವಿಷಯದಲ್ಲಿ ಸರಿಯಾದ ಮಾತು ‘ರೀಲು ಸುತ್ತಿಕೊಂಡಿದೆ’. ಅಥವಾ ‘ಸಿಕ್ಕು’, ತಲೆಗೂದಲ ಸಿಕ್ಕಿನ ಅದೇ ಪದ; ಕೆಲಸವೂ ಸಿಕ್ಕು ಬಿಡಿಸುವ ಕೆಲಸವೇ. ಕ್ಯಾಪ್‌ಸ್ಟನ್ (ತಿರುಗುವ ತೆಳು ಲೋಹದ ಕಡ್ಡಿ) ಮತ್ತು ಅದಕ್ಕೆ ಒತ್ತುವ ರಬ್ಬರ್ ರೋಲರ್ ಸೇರಿ ಸೆಕೆಂಡಿಗೆ 4.76 ಸೆಂ.ಮೀ. ರೀಲನ್ನು ಮುಂದೆ ತಳ್ಳುತ್ತವೆ. ಸುತ್ತುವ ಸ್ಪಿಂಡಲ್ ಅಷ್ಟನ್ನೂ ಎಳೆದುಕೊಳ್ಳದಿದ್ದರೆ ಸಡಿಲಾದ ರೀಲು ರೋಲರಿಗೆ ಸುತ್ತುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ರೀಲು 60ರದಕ್ಕಿಂತ ತೆಳುವಾದ್ದರಿಂದ ಇದಕ್ಕೆ ಬೇಗ ಬಲಿಯಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ‘ನಿಧಾನವಾಗಿ ಎಳೆಯಿರಿ’ ಎಂದಿದ್ದರೆ ಆ ಸೂಚನೆ ತಪ್ಪು, ಎಳೆಯಲೇಬಾರದು. ಪ್ಲಗ್ಗನ್ನೂ ಸೆಲ್ಲುಗಳನ್ನೂ ತೆಗೆದು, ಸ್ಟಾಪ್ ಒತ್ತಿ, ಹಿಂಬದಿಯ ಮುಚ್ಚಳ ಬಿಚ್ಚಬೇಕು (ಒಂದು ಸ್ಕ್ರೂ ಹಲವು ಸೆಟ್ಟುಗಳಲ್ಲಿ ಸೆಲ್ಲಿನ ಗೂಡಿನೊಳಗೆ ಅಡಗಿರುತ್ತದೆ). ಫ್ಲೈವೀಲನ್ನು (ಕ್ಯಾಪ್‌ಸ್ಟನ್ನಿನ ಬುಡದ ಭಾರದ ಚಕ್ರ), ಹಾಡುವಾಗ ಅದು ತಿರುಗುವುದಕ್ಕೆ ಎದುರು ದಿಕ್ಕಿನಲ್ಲಿ, ಬೆರಳ ತುದಿಯಿಂದ ತಿರುಗಿಸಿದರೆ ಕ್ಯಾಪ್‌ಸ್ಟನ್‌ನ ಸುತ್ತು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ರೋಲರಿಗೆ ಸುತ್ತಿದ್ದನ್ನು ಬಿಡಿಸಲು ರೋಲರನ್ನೇ ಬೆರಳಿಂದ ಹಾಗೆ ತಿರುಗಿಸಬೇಕು. ಕ್ಯಾಸೆಟ್ ಹೊರಬಂದ ಮೇಲೆ ಆರು ಮೂಲೆಯ ಪೆನ್ಸಿಲ್ಲಿನಿಂದ ರೀಲನ್ನು ಒಳಗೆ ಸುತ್ತಿಕೊಳ್ಳಿ.

ಗೇರಿಗೆ ‘ಕಚ್ಚಿಕೊಂಡಿದೆ’ ಎನ್ನುವಾಗ ಎಚ್ಚರ. ಗೇರು ಕಚ್ಚುವುದು ದೋಷವಲ್ಲ, ಅದರ ಕೆಲಸ. ದೋಷವೆಂದರೆ ‘ಕಚ್ಚಿದ್ದು ಬಿಡುತ್ತಿಲ್ಲ’, ಇಲ್ಲವೇ ‘ಹಲ್ಲು ಹೋಗಿದೆ’. ಮೋಟಾರು ಗುಂಯ್‌ಗುಡುತ್ತಿದ್ದು ಏನೂ ತಿರುಗದಿದ್ದರೆ ಯಾವುದೂ ಹಿಡಿದುಕೊಂಡಿಲ್ಲ. ಬೆಲ್ಟು ಕರಗಿ ಡಾಂಬರಾಗಿದೆ. ಆ ಕಪ್ಪು ಅಂಟನ್ನು ರಾಟೆಗಳಿಂದ ಪೂರ್ತಿ ಒರೆಸದೆ ಹೊಸದನ್ನು ಹಾಕಿದರೆ ವ್ಯರ್ಥ. ಅಳತೆಗೆ ಹಳೆಯ ಬೆಲ್ಟು ಉಳಿದಿರುವುದಿಲ್ಲವಾದ್ದರಿಂದ ಅದರ ದಾರಿಯಲ್ಲಿ ನೂಲು ಸುತ್ತಿ, ಬಂದ ಉದ್ದದಲ್ಲಿ ಸುಮಾರು 5% ಕಳೆಯುತ್ತಾರೆ: ನೂಲು 240 ಮಿ.ಮೀ. ಬಂದರೆ ಬೆಲ್ಟಿನ ಸುತ್ತಳತೆ 228. ಇದಕ್ಕಿಂತ ಬಹಳ ಬಿಗಿಯಾದರೆ ಮೋಟಾರಿನ ಬುಷ್ (ಅದರ ಅಚ್ಚು ತಿರುಗುವ ಬಳೆ) ಸವೆಯುತ್ತದೆ. ಸಡಿಲಾದರೆ ಹಾಡು ‘ಎಳೆಯುತ್ತದೆ’. ಈ ಎಳೆತಕ್ಕೂ ಬೇರೆ ಪದ ಹುಡುಕಬೇಕಿಲ್ಲ.

ಕ್ಯಾಪ್‌ಸ್ಟನ್, ಐಡ್ಲರ್ (ಸ್ಪಿಂಡಲ್‌ಗೆ ತಿರುಗು ದಾಟಿಸುವ ಸಣ್ಣ ಚಕ್ರ) ಇವುಗಳಿಗೆ ಹೊಸ ಹೆಸರು ಕಟ್ಟುವ ಗೋಜಿಗೆ ಹೋಗಬೇಡಿ. ಕಟ್ಟಿದ ಹೆಸರು ಹೇಳಿದರೆ ಬಿಡಿಭಾಗದ ಅಂಗಡಿಯಲ್ಲಿ ಯಾರೂ ಕೊಡುವುದಿಲ್ಲ.

ಮತ್ತೊಂದು: ಪ್ರಶ್ನೆಯಲ್ಲಿ ‘ಟೇಪ್ ಸಿಲುಕಿದೆ’ ಎಂದಿದೆ. ಬಳಕೆಯಲ್ಲಿ ‘ಟೇಪು’ ಎಂದರೆ ಇಡೀ ಯಂತ್ರ, ಕಂದು ಪಟ್ಟಿ ‘ರೀಲು’. ಕೈಪಿಡಿಯಲ್ಲಿ ‘ಮೊದಲು ಟೇಪನ್ನು ಹೊರತೆಗೆಯಿರಿ’ ಎಂದಿದ್ದರೆ, ಓದಿದವನು ಸ್ಕ್ರೂಡ್ರೈವರ್ ಹಿಡಿದು ಒಳಗಿನ ಯಂತ್ರವನ್ನೇ ಬಿಚ್ಚಿಯಾನು.