ಹೆದರುವ ಬೆಕ್ಕಿಗೆ ತಾಳ್ಮೆಯ ಮನೆ ಹುಡುಕುವುದು ಹೇಗೆ? ನಿಮ್ಮ ಅನುಭವ ಬೇಕು

ಕೇಳಿದವರು, ಕಾರವಾರ:

ಎಲ್ಲರಿಗೂ ನಮಸ್ಕಾರ. ನಾನು ವಾರಕ್ಕೆ ಮೂರು ದಿನ ಇಲ್ಲಿನ ಒಂದು ಪ್ರಾಣಿ ಆಶ್ರಯ ಕೇಂದ್ರಕ್ಕೆ ಹೋಗಿ ಬೆಕ್ಕುಗಳನ್ನು ನೋಡಿಕೊಳ್ಳುತ್ತೇನೆ. ಅಲ್ಲಿ ಸುಬ್ಬಿ ಅಂತ ಒಂದು ಹೆಣ್ಣು ಬೆಕ್ಕು ಇದೆ. ಕಳೆದ ವರ್ಷ ಜೂನ್‌ನಲ್ಲಿ ಬೈತಖೋಲ್ ಬಂದರಿನ ಹತ್ತಿರ ಸಿಕ್ಕಿದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಆ ಎರಡು ತಿಂಗಳು ಬಂದರಿನ ಬೆಕ್ಕುಗಳ ಹೊಟ್ಟೆಪಾಡು ಕಷ್ಟ. ಆಗ ಅದಕ್ಕೆ ಸುಮಾರು ಐದು ತಿಂಗಳು. ಅಷ್ಟರವರೆಗೆ ಮನುಷ್ಯರ ಕೈ ತಾಗಿಯೇ ಇರಲಿಲ್ಲ ಅನ್ನಿಸುತ್ತದೆ.

ಮರಿಯಾಗದಂತೆ ಆಪರೇಷನ್ ಆಗಿದೆ, ಲಸಿಕೆ ಆಗಿದೆ, ಆರೋಗ್ಯವಾಗಿದೆ. ಆದರೆ ಯಾರಾದರೂ ಬಂದರೆ ಗೂಡಿನ ಹಿಂದಿನ ಮೂಲೆಗೆ ಅಂಟಿಕೊಂಡು ಕಲ್ಲಿನ ಹಾಗೆ ಕೂರುತ್ತದೆ. ಇಷ್ಟರಲ್ಲಿ ಎರಡು ಮನೆಯವರು ಕರೆದುಕೊಂಡು ಹೋಗಿ ವಾಪಸ್ ತಂದರು. ಒಬ್ಬರು ಐದನೇ ದಿನಕ್ಕೆ, ಇನ್ನೊಬ್ಬರು ಎರಡು ವಾರಕ್ಕೆ. "ಮುಖವನ್ನೇ ತೋರಿಸುವುದಿಲ್ಲ, ಇಂಥ ಬೆಕ್ಕು ಸಾಕಿ ಏನು ಮಾಡೋದು" ಅಂದರು. ವಾಪಸ್ ಬಂದ ಮೇಲೆ ಮೊದಲಿಗಿಂತ ಜಾಸ್ತಿ ಹೆದರುತ್ತಿದೆ. ನಾನು ಒಬ್ಬಳೇ ಅರ್ಧ ಗಂಟೆ ಸುಮ್ನೆ ಕೂತರೆ ಮಾತ್ರ ಮುಂಗಾಲು ಮಡಚಿ ಎದೆಯ ಕೆಳಗೆ ಹಾಕಿಕೊಳ್ಳುತ್ತದೆ. ನನ್ನದು ಬಾಡಿಗೆ ಮನೆ, ಪ್ರಾಣಿ ಸಾಕಲು ಮಾಲೀಕರು ಬಿಡುವುದಿಲ್ಲ. ಇಂಥ ಬೆಕ್ಕಿಗೆ ಮನೆ ಹುಡುಕಿದವರು, ಇಂಥದ್ದನ್ನು ಸಾಕಿದವರು ಯಾರಾದರೂ ಇದ್ದೀರಾ? ಮೂರನೇ ಸಲವೂ ವಾಪಸ್ ಬರಬಾರದು.

ಶಿರಸಿಯಿಂದ:

ತಂಗೀ, ನಾನು ಇಂಥದ್ದೇ ಒಂದನ್ನು ಸಾಕಿದ್ದೇನೆ, ಈಗಲೂ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾಲ್ಕು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಕೇಂದ್ರದಿಂದ ತಂದ ಕಪ್ಪು ಬೆಕ್ಕು. ಹೆಸರು ಕಾಡಿಗೆ. ಹಿತ್ತಲ ಕಡೆ ನಮಗೆ ಅಡಿಕೆ ಇಡುವ ಒಂದು ಕೋಣೆ ಇದೆ. ಅಲ್ಲೇ ಬಿಟ್ಟೆವು. ಬುಟ್ಟಿಯ ಬಾಗಿಲು ತೆಗೆದದ್ದೇ ತಡ, ಗೋಣಿಚೀಲಗಳ ಹಿಂದೆ ಮಾಯ. ಆಮೇಲೆ ಅದನ್ನು ನಾನು ಸರಿಯಾಗಿ ನೋಡಿದ್ದು ಒಂದು ತಿಂಗಳು ಕಳೆದ ಮೇಲೆ.

ತಪ್ಪು ನಾನೇ ಮಾಡಿದೆ. ದಿನಕ್ಕೆ ಮೂರ್ನಾಲ್ಕು ಸಲ ಟಾರ್ಚ್ ಹಿಡಿದು ಚೀಲದ ಸಂದಿಯಲ್ಲಿ ಬಗ್ಗಿ ನೋಡುತ್ತಿದ್ದೆ. "ಬಾರೇ, ಬಾರೇ" ಅಂತ ಕೈ ಚಾಚುತ್ತಿದ್ದೆ. ನನಗೆ ಅದು ಪ್ರೀತಿ. ಬೆಕ್ಕಿನ ಕಡೆಯಿಂದ ಯೋಚನೆ ಮಾಡಿ ನೋಡು. ಅಡಗಿದ ಜಾಗಕ್ಕೇ ಬಂದು, ಬೆಳಕು ಬಿಟ್ಟು, ಕಣ್ಣಿಟ್ಟು ನೋಡಿ, ಕೈ ಹಾಕುವ ದೊಡ್ಡ ಪ್ರಾಣಿ! ಬೇಟೆಯಾಡುವವರು ಮಾಡುವುದೂ ಅದೇ ಅಲ್ವಾ? ಅದು ರಾತ್ರಿ ಮಾತ್ರ ಹೊರಗೆ ಬಂದು ಊಟ ಮಾಡಿ, ಶೌಚಕ್ಕೆ ಇಟ್ಟ ಮರಳಿನ ತಟ್ಟೆ ಬಳಸಿ, ಬೆಳಗಾಗುವುದರೊಳಗೆ ಮತ್ತೆ ಚೀಲದ ಹಿಂದೆ ಸೇರುತ್ತಿತ್ತು.

ನಮ್ಮ ಅತ್ತೆಗೆ ಬೆಕ್ಕು ಅಂದರೆ ಅಂಥಾ ಆಸೆ ಏನಿಲ್ಲ. ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಅವರು ಮಧ್ಯಾಹ್ನ ಊಟ ಆದ ಮೇಲೆ ದಿನಾ ಅದೇ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು ಅಡಿಕೆ ಆರಿಸುತ್ತಿದ್ದರು. ಚಾಲಿ ಒಂದು ಕಡೆ, ಕೋಕ ಒಂದು ಕಡೆ, ಬಿಳೇಗೋಟು ಇನ್ನೊಂದು ಕಡೆ. ಬೆಕ್ಕಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೆಲ್ಲಗೆ ಏನೋ ಹಾಡು ಗುನುಗುತ್ತಿದ್ದರು, ಅಷ್ಟೇ.

ನಲವತ್ತೊಂದನೇ ದಿನ. ನಾನು ಚಾ ಕೊಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಕಾಡಿಗೆ ಚೀಲದ ಆಚೆ, ಅತ್ತೆಯಿಂದ ಎರಡು ಮಾರು ದೂರದಲ್ಲಿ ಕೂತಿತ್ತು. ಅತ್ತೆಯ ಕೈಯಿಂದ ಒಂದು ಅಡಿಕೆ ಜಾರಿ ಉರುಳಿತು. ಬೆಕ್ಕು ಅದನ್ನು ಮುಂಗಾಲಿನಿಂದ ತಡೆದು ನಿಲ್ಲಿಸಿತು. ಅತ್ತೆ ತಲೆ ಎತ್ತಲಿಲ್ಲ. ಇನ್ನೊಂದು ಅಡಿಕೆ ಉರುಳಿಸಿದರು. ಅದನ್ನೂ ತಡೆಯಿತು. ನಾನು ಚಾ ಅಲ್ಲೇ ಹೊಸಿಲ ಮೇಲಿಟ್ಟು ಶಬ್ದ ಮಾಡದೆ ಹಿಂದೆ ಬಂದೆ.

ಅದಕ್ಕೇ ಹೇಳುತ್ತೇನೆ, "ಬೆಕ್ಕು ಅಂದರೆ ನನಗೆ ಪ್ರಾಣ" ಅನ್ನುವವರನ್ನೇ ಹುಡುಕಬೇಡ. ಅಂಥವರಿಗೆ ಬೆಕ್ಕಿನಿಂದ ಏನೋ ಬೇಕಿರುತ್ತದೆ. ಮಡಿಲಲ್ಲಿ ಕೂರಬೇಕು, ಕರೆದರೆ ಬರಬೇಕು. ಅದು ಸಿಗದಿದ್ದಾಗ ಬೇಸರವಾಗುತ್ತದೆ, ಐದನೇ ದಿನಕ್ಕೆ ವಾಪಸ್ ತರುತ್ತಾರೆ. ದಿನಾ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿಕೊಂಡು ಇರುವ, ಬೆಕ್ಕನ್ನು ಅದರ ಪಾಡಿಗೆ ಬಿಡುವ ಮನೆ ನೋಡು. ಹೊಲಿಗೆ ಹಾಕುವವರು, ಮನೆಯಲ್ಲೇ ಕೂತು ಲೆಕ್ಕ ಬರೆಯುವವರು, ವಯಸ್ಸಾದ ಇಬ್ಬರೇ ಇರುವ ಮನೆ.

ಇನ್ನೊಂದು ಮಾತು. ಕಾಡಿಗೆ ಇವತ್ತಿಗೂ ಯಾರ ಮಡಿಲಲ್ಲೂ ಕೂರುವುದಿಲ್ಲ. ನೆಂಟರು ಬಂದರೆ ಅಟ್ಟ ಹತ್ತುತ್ತದೆ. ಆದರೆ ರಾತ್ರಿ ನನ್ನ ಕಾಲ ಹತ್ತಿರ ಮಲಗುತ್ತದೆ, ತಲೆ ಸವರಿದರೆ ಗುರ್ ಅನ್ನುತ್ತದೆ. ನನಗೆ ಅಷ್ಟು ಸಾಕು. ತೆಗೆದುಕೊಂಡು ಹೋಗುವವರಿಗೆ ಇದನ್ನು ಮೊದಲೇ ಹೇಳು. "ನಿಧಾನಕ್ಕೆ ಎಲ್ಲಾ ಸರಿಹೋಗುತ್ತದೆ" ಅಂತ ಮಾತು ಕೊಡಬೇಡ.

ಕುಮಟಾದಿಂದ:

ಶಿರಸಿ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಮನೆ ಸಿಗುವವರೆಗೆ ಬೆಕ್ಕುಗಳನ್ನು ನನ್ನಲ್ಲಿ ಇಟ್ಟುಕೊಂಡು, ಆಮೇಲೆ ಕೊಡುತ್ತೇನೆ. ವಾಟ್ಸಾಪಿನಲ್ಲಿ ಹಾಕುವ ಬರಹದ ಬಗ್ಗೆ ಎರಡು ಮಾತು.

"ಪಾಪದ ಬೆಕ್ಕು, ದಯವಿಟ್ಟು ಕಾಪಾಡಿ" ಅಂತ ಬರೆಯಬೇಡಿ. ಕನಿಕರದಿಂದ ಒಯ್ದವರು ಕನಿಕರ ಇಳಿದ ಮೇಲೆ ವಾಪಸ್ ತರುತ್ತಾರೆ. ಬೆಕ್ಕು ಹೇಗಿದೆಯೋ ಹಾಗೆ ಬರೆಯಿರಿ. "ಸುಬ್ಬಿ ಮೊದಲ ತಿಂಗಳು ನಿಮಗೆ ಕಾಣಿಸದೇ ಇರಬಹುದು. ಕಚ್ಚುವುದಿಲ್ಲ. ಮರಳಿನ ತಟ್ಟೆ ಬಳಸುತ್ತದೆ. ಒಬ್ಬರು ಸುಮ್ನೆ ಹತ್ತಿರ ಕೂತರೆ ಅರ್ಧ ಗಂಟೆಯಲ್ಲಿ ಮುಂಗಾಲು ಮಡಚಿ ಕೂರುತ್ತದೆ." ನಿಮ್ಮ ಈ ಕೊನೆಯ ಸಾಲು ಓದಿದಾಗ ನನಗೇ ತರೋಣ ಅನ್ನಿಸಿತು! ಗೂಡಿನ ಮೂಲೆಯಲ್ಲಿ ಹೆದರಿ ಕೂತ ಫೋಟೋ ಹಾಕಬೇಡಿ. ಕಾಲು ಮಡಚಿದ ಹೊತ್ತಿನ ವಿಡಿಯೋ ಹಾಕಿ, ಫೋನ್ ದೂರ ಇಟ್ಟು ತೆಗೆಯಿರಿ.

ಫೋನ್ ಮಾಡಿದವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. "ಆರು ತಿಂಗಳಾದರೂ ಮುಟ್ಟಲು ಬಿಡದಿದ್ದರೆ ಏನು ಮಾಡುತ್ತೀರಿ?" "ಇರಲಿ ಬಿಡಿ, ಮೂಲೆಯಲ್ಲಿ ಇದ್ದುಕೊಳ್ಳಲಿ" ಅಂದವರಿಗೆ ಕೊಟ್ಟಿದ್ದೇನೆ. "ನಮ್ಮನೆಗೆ ಬಂದರೆ ಎರಡೇ ದಿನದಲ್ಲಿ ಸರಿಮಾಡುತ್ತೇನೆ" ಅಂದವರಿಗೆ ಒಂದು ಸಲ ಕೊಟ್ಟು ಪಶ್ಚಾತ್ತಾಪ ಪಟ್ಟಿದ್ದೇನೆ. ಚಿಕ್ಕ ಮಕ್ಕಳಿರುವ ಮನೆಯೂ ಇಂಥ ಬೆಕ್ಕಿಗೆ ಬೇಡ. ಮಕ್ಕಳದ್ದೇನೂ ತಪ್ಪಿಲ್ಲ, ಅವರು ಓಡುತ್ತಾರೆ, ಕಿರುಚುತ್ತಾರೆ, ಅದು ಅವರ ವಯಸ್ಸು.

ಗೂಡಿನಲ್ಲಿ ಅಡಗಲು ರಟ್ಟಿನ ಡಬ್ಬ ಇದೆಯಾ? ಇಲ್ಲದಿದ್ದರೆ ಇವತ್ತೇ ಇಡಿ. 2014ರಲ್ಲಿ ನೆದರ್ಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯ ಕೇಂದ್ರದ ಬೆಕ್ಕುಗಳನ್ನು ಗಮನಿಸಿದ್ದರು. ಅಡಗಲು ಡಬ್ಬ ಸಿಕ್ಕ ಬೆಕ್ಕುಗಳು ಡಬ್ಬ ಇಲ್ಲದವಕ್ಕಿಂತ ಬೇಗ ಸಮಾಧಾನಕ್ಕೆ ಬಂದವು. ಅಡಗಲು ಬಿಟ್ಟರೆ ಹೊರಗೇ ಬರುವುದಿಲ್ಲ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಳ್ಳುತ್ತಾರೆ. ಆಗುವುದು ಅದಕ್ಕೆ ಉಲ್ಟಾ. ಕಣ್ಣಿನ ವಿಷಯವೂ ಅಷ್ಟೇ. ದಿಟ್ಟಿಸಬೇಡಿ. ನಿಧಾನಕ್ಕೆ ಕಣ್ಣು ಅರ್ಧ ಮುಚ್ಚಿ, ಪೂರ್ತಿ ಮುಚ್ಚಿ, ತೆಗೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷೆ ಮಾಡಿ, ಹೀಗೆ ಕಣ್ಣು ಮಿಟುಕಿಸಿದ ಅಪರಿಚಿತರ ಹತ್ತಿರ ಬರಲು ಬೆಕ್ಕುಗಳು ಹೆಚ್ಚು ಒಪ್ಪುತ್ತವೆ ಅಂತ ಕಂಡುಕೊಂಡರು. ನನ್ನ ಅನುಭವದಲ್ಲೂ ಅದು ಕೆಲಸ ಮಾಡಿದೆ.

ಅಂಕೋಲಾದಿಂದ:

ನನ್ನದು ದುಃಖದ ಅನುಭವ. ಆದರೂ ಹೇಳುತ್ತೇನೆ, ನಿಮ್ಮ ಸುಬ್ಬಿಗೆ ಹಾಗಾಗಬಾರದು.

ಹೆದರುವ ಬೆಕ್ಕೊಂದನ್ನು ಮನೆಗೆ ತಂದೆ. ನಮ್ಮದು ಹಂಚಿನ ಮನೆ. ಬಾಗಿಲು ಹಾಕಿದೆ, ಕಿಟಕಿ ಹಾಕಿದೆ. ಗೋಡೆಗೂ ಮಾಡಿಗೂ ನಡುವೆ ಒಂದು ಗೇಣು ಸಂದಿ ಇರುತ್ತದಲ್ಲ, ಅದು ತಲೆಗೇ ಬರಲಿಲ್ಲ. ಮೊದಲ ರಾತ್ರಿಯೇ ಕಪಾಟು ಹತ್ತಿ ಆ ಸಂದಿಯಿಂದ ಹೋಯಿತು. ಜುಲೈ ತಿಂಗಳು, ಹುಚ್ಚು ಮಳೆ. ಅದಕ್ಕೆ ನಮ್ಮ ಮನೆಯೂ ಗೊತ್ತಿಲ್ಲ, ನನ್ನ ದನಿಯೂ ಗೊತ್ತಿಲ್ಲ. ಯಾಕೆ ತಿರುಗಿ ಬರುತ್ತದೆ? ಹದಿನೈದು ದಿನ ರಾತ್ರಿ ಹಿತ್ತಲಲ್ಲಿ ಬಂಗಡೆ ಇಟ್ಟು ಕಾದೆ. ಸಿಗಲಿಲ್ಲ. ಈಗಲೂ ಮಳೆ ಜೋರಾದರೆ ನಿದ್ದೆ ಬರುವುದಿಲ್ಲ.

ಬೆಕ್ಕು ಕೊಡುವ ಮೊದಲು ನೀವೇ ಹೋಗಿ ಆ ಕೋಣೆಯಲ್ಲಿ ನಿಂತು ತಲೆ ಎತ್ತಿ ನೋಡಿ. ತಾರಸಿ ಇರುವ ಅಥವಾ ಮಾಡಿನ ಕೆಳಗೆ ಹಲಗೆ ಹೊಡೆದ ಕೋಣೆಯೇ ಆಗಬೇಕು. ಸಂದಿ ಇದ್ದರೆ ಜಾಲರಿ ಹೊಡೆಸಿ. ಕನಿಷ್ಠ ಮೂರು ನಾಲ್ಕು ವಾರ ಆ ಒಂದೇ ಕೋಣೆ. ಆಮೇಲೆ ಮನೆಯೊಳಗೆ. ಹೊರಗೆ ಬಿಡುವ ಮಾತು ತಿಂಗಳುಗಟ್ಟಲೆ ಬೇಡ.

ಹೊನ್ನಾವರದಿಂದ:

ನಾನು ಪಶುವೈದ್ಯಕೀಯ ಕ್ಷೇತ್ರದಲ್ಲಿ ಇದ್ದೇನೆ. ಚುಟುಕಾಗಿ ಹೇಳುತ್ತೇನೆ. ಮರಿ ಮನುಷ್ಯರಿಗೆ ಸುಲಭವಾಗಿ ಹೊಂದಿಕೊಳ್ಳುವ ಕಾಲ ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗೆ. ಸುಬ್ಬಿಗೆ ಆ ಕಾಲ ಬಂದರಿನಲ್ಲೇ ಕಳೆದುಹೋಯಿತು. ಈಗ ಕಲಿಯುವುದಿಲ್ಲ ಅಂತಲ್ಲ, ಒಬ್ಬೊಬ್ಬ ಮನುಷ್ಯರನ್ನೂ ಬೇರೆ ಬೇರೆಯಾಗಿ ನಂಬಲು ಕಲಿಯುತ್ತದೆ. ಅದಕ್ಕೇ ನಿಧಾನ.

ಹೊಸ ಮನೆಯಲ್ಲಿ ಒಂದು ದಿನ ತಿನ್ನದಿದ್ದರೆ ಗಾಬರಿ ಬೇಡ. ಎರಡು ದಿನ ಏನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಿ. ಉಪವಾಸ ಬಿದ್ದರೆ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಮನೆಯಲ್ಲಿ ನಾಯಿ ಇದ್ದರೆ ಅದರ ಮೈಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ವಿಷ. ಪ್ಯಾರಾಸಿಟಮಾಲ್ ಕೂಡ ವಿಷ, ಚೂರೂ ಕೊಡಬಾರದು. ಘಟ್ಟ ಹತ್ತಿಸುವುದಿದ್ದರೆ ಬುಟ್ಟಿಗೆ ಬಟ್ಟೆ ಮುಚ್ಚಿ, ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ಬೇಡ. ತುಂಬಾ ಹೆದರುವ ಬೆಕ್ಕಿಗೆ ಪ್ರಯಾಣದ ದಿನ ಕೊಡುವ ಮಾತ್ರೆ ಇದೆ, ನಿಮ್ಮ ವೈದ್ಯರನ್ನೇ ಕೇಳಿ.

ಮತ್ತೆ ಕಾರವಾರದಿಂದ:

ಎಲ್ಲಾ ಓದಿದೆ. ಅಂಕೋಲಾದವರದ್ದು ಓದಿ ಅಳು ಬಂತು. ಈಗಲೇ ಸುಬ್ಬಿಯ ಗೂಡಿನಲ್ಲಿ ಡಬ್ಬ ಇಟ್ಟು ಬಂದೆ. ಹೊಸ ಬರಹವನ್ನೂ ಕಳಿಸಿದ್ದೇನೆ.

ಸಿದ್ದಾಪುರ ಕಡೆಯಿಂದ:

ನಾನು ನಿವೃತ್ತ ಮಾಸ್ತರ. ನಾವು ಇಬ್ಬರೇ ಇರುವುದು, ಮಕ್ಕಳು ಬೆಂಗಳೂರಿನಲ್ಲಿ. ಬೆಕ್ಕಿನ ಬರಹ ನನ್ನ ಹಳೆ ವಿದ್ಯಾರ್ಥಿಯೊಬ್ಬ ಕಳಿಸಿದ. ಆರು ತಿಂಗಳು ಮುಟ್ಟಲು ಬಿಡದಿದ್ದರೆ ನಮಗೇನೂ ಬೇಸರವಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ವರ್ಷವಿಡೀ ಬಾಯಿ ತೆರೆಯದ ಮಕ್ಕಳನ್ನು ನೋಡಿದ್ದೇನೆ. ಕೇಳುವುದು ಎರಡು ಇದೆ. ನಮ್ಮದು ಸಸ್ಯಾಹಾರಿ ಮನೆ, ಹಾಲು ಅನ್ನ ಸಾಕಾಗುತ್ತದೆಯೇ? ನನಗೆ ಕಿವಿ ಮಂದ, ಟೀವಿ ಸೌಂಡ್ ಜಾಸ್ತಿ ಇಡುತ್ತೇನೆ. ಅದರಿಂದ ತೊಂದರೆಯಾಗುತ್ತದೆಯೇ?

ಶಿರಸಿಯಿಂದ:

ಮಾಸ್ತರೇ, ನಮ್ಮದೂ ಸಸ್ಯಾಹಾರಿ ಮನೆ. ಹಾಲು ಅನ್ನ ಖಂಡಿತ ಸಾಲದು. ಹಿಂದೆ ನಮ್ಮ ಬೆಕ್ಕುಗಳು ಹಾಲು ಅನ್ನ ತಿಂದು ಬದುಕಿದ್ದಲ್ಲ, ಕೊಟ್ಟಿಗೆಯ ಇಲಿ ತಿಂದು ಬದುಕಿದ್ದು. ಮಾಂಸದಲ್ಲಿರುವ ಟಾರಿನ್ ಸಿಗದಿದ್ದರೆ ಬೆಕ್ಕಿಗೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ. ನಾನು ಅಂಗಡಿಯ ಬೆಕ್ಕಿನ ಆಹಾರದ ಪ್ಯಾಕೆಟ್ ತರುತ್ತೇನೆ. ಬೇರೆ ಡಬ್ಬ, ಬೇರೆ ಚಮಚ, ಅಡುಗೆ ಮನೆಯ ಹೊರಗೆ. ಅತ್ತೆಯೂ ಒಪ್ಪಿದ್ದಾರೆ. ನಿಮ್ಮ ಮನೆಯ ಅಕ್ಕೋರಿಗೆ ಅಷ್ಟು ಒಪ್ಪಿಗೆಯಾದರೆ ಮಾತ್ರ ಮುಂದುವರಿಯಿರಿ. ಟೀವಿ ಬೇರೆ ಕೋಣೆಯಲ್ಲಿದ್ದು ದಿನಾ ಅದೇ ಹೊತ್ತಿಗೆ ಹಚ್ಚಿದರೆ ರೂಢಿಯಾಗುತ್ತದೆ. ಪಟಾಕಿಗೆ ರೂಢಿಯಾಗುವುದಿಲ್ಲ. ದೊಡ್ಡಹಬ್ಬ (ದೀಪಾವಳಿ) ಮುಗಿದು ಒಂದು ವಾರ ಆದ ಮೇಲೆಯೇ ತನ್ನಿ. ತಂಗೀ, ಸುಬ್ಬಿ ಈಗ ಮಲಗುವ ಬಟ್ಟೆಯನ್ನು ತೊಳೆಯದೆ ಹಾಗೇ ಕಳಿಸು. ಹೊಸ ಕೋಣೆಯಲ್ಲಿ ಅದಕ್ಕೆ ಗೊತ್ತಿರುವ ವಾಸನೆ ಅದೊಂದೇ.

ಸಿದ್ದಾಪುರ ಕಡೆಯಿಂದ:

ಮನೆಯವಳು ಒಪ್ಪಿದ್ದಾಳೆ. ನಾನು ಓದುವ ಕೋಣೆಗೆ ಹಲಗೆಯ ಅಟ್ಟ ಇದೆ, ಮೇಲೆ ಸಂದಿ ಇಲ್ಲ. ಕಿಟಕಿಗೆ ನಾಳೆ ಜಾಲರಿ ಹೊಡೆಸುತ್ತೇನೆ. ದಿನಾ ಬೆಳಿಗ್ಗೆ ಆರರಿಂದ ಏಳರವರೆಗೆ ಅಲ್ಲೇ ಕೂತು ಪೇಪರ್ ಗಟ್ಟಿಯಾಗಿ ಓದುತ್ತೇನೆ, ಹಳೆ ಅಭ್ಯಾಸ. ನಿಲ್ಲಿಸಬೇಕಾದರೆ ಹೇಳಿ.

ಕಾರವಾರದಿಂದ:

ನಿಲ್ಲಿಸಬೇಡಿ ಸರ್! ಬರುವ ಭಾನುವಾರ ನಾನು ಒಬ್ಬಳೇ ಬಂದು ಕೋಣೆ ನೋಡಿಕೊಂಡು ಹೋಗುತ್ತೇನೆ, ಬೆಕ್ಕನ್ನು ತರುವುದು ಹಬ್ಬ ಕಳೆದ ಮೇಲೆ. ಅಷ್ಟರೊಳಗೆ ಒಂದು ಉಪಕಾರ ಮಾಡುತ್ತೀರಾ? ನೀವು ಪೇಪರ್ ಓದುವುದನ್ನು ಹತ್ತು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಸುಬ್ಬಿಗೆ ಊಟ ಹಾಕುವ ಹೊತ್ತಿಗೆ ದಿನಾ ಮೆಲ್ಲಗೆ ಹಚ್ಚಿಡುತ್ತೇನೆ. ನಿಮ್ಮ ಮನೆಗೆ ಬರುವ ಹೊತ್ತಿಗೆ ನಿಮ್ಮ ದನಿಯಾದರೂ ಅದಕ್ಕೆ ಗೊತ್ತಿರಲಿ.