ಗರ್ಭಕೋಶದ ಬ್ಲಾಕ್ ಕತ್ತರಿಸಲು ಬರುತ್ತಿಲ್ಲ: ಮೂರು ಲಕ್ಷಕ್ಕೆ ಯಂತ್ರ ಕೊಳ್ಳುವುದೇ, ಕೈಯಿಂದಲೇ ಮಾಡುವುದೇ?

ಸಿಂಧನೂರಿನ ಟೆಕ್ನೀಷಿಯನ್:
ಎಲ್ಲರಿಗೂ ನಮಸ್ಕಾರ. ನಮ್ಮದು ಆಪರೇಷನ್ನಿನಲ್ಲಿ ತೆಗೆದ ಅಂಗಾಂಶ ಪರೀಕ್ಷಿಸುವ ಸಣ್ಣ ಲ್ಯಾಬ್. ವಾರಕ್ಕೆ ನಲವತ್ತರಷ್ಟು ಬ್ಲಾಕ್ (ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡು), ಅದರಲ್ಲಿ ಗರ್ಭಕೋಶದವೇ ಹೆಚ್ಚು. ಪ್ರೊಸೆಸಿಂಗ್, ಅಂದರೆ ಅಂಗಾಂಶದ ನೀರು ತೆಗೆದು ಮೇಣ ತುಂಬುವ ಕೆಲಸ, ಎಲ್ಲ ಕೈಯಿಂದಲೇ. ಏಪ್ರಿಲ್‌ನಿಂದ ರಿಬ್ಬನ್ (ಬ್ಲಾಕ್ ಕತ್ತರಿಸಿದಾಗ ಸಾಲಾಗಿ ಬರುವ ತೆಳು ಪದರ) ಸರಿಯಾಗಿ ಬರುತ್ತಿಲ್ಲ. ಬ್ಲಾಕಿನ ನಡುವೆ ಅಂಗಾಂಶ ತಗ್ಗಾಗಿ ಕುಳಿತುಕೊಳ್ಳುತ್ತದೆ, ಬ್ಲೇಡ್ ತಾಗಿದರೆ ಕಿತ್ತು ಬರುತ್ತದೆ. ಮಾಲೀಕರು ಮೂರು ಲಕ್ಷ ಕೊಡಲು ಒಪ್ಪಿದ್ದಾರೆ. ಪ್ರೊಸೆಸಿಂಗ್ ತಾನೇ ಮಾಡುವ ಯಂತ್ರ, ಹಳೆಯ ಟಿಷ್ಯೂ ಪ್ರೊಸೆಸರ್, ಕೊಳ್ಳಬಹುದೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ರಾಯಚೂರಿನ ಲ್ಯಾಬ್ ಮಾಲೀಕ:
ಕೊಳ್ಳಿ, ಆದರೆ ನನ್ನ ಕಥೆ ಕೇಳಿ ಕೊಳ್ಳಿ. ನಾನು ಹೈದರಾಬಾದಿನಿಂದ ಹಳೆಯ ಯಂತ್ರ ತಂದೆ. ಬುಟ್ಟಿ ಒಂದು ಜಾಡಿಯಿಂದ ಇನ್ನೊಂದಕ್ಕೆ ತಾನೇ ಹೋಗುವಂಥದ್ದು. 2,35,000 ಯಂತ್ರಕ್ಕೆ, 14,000 ಸಾಗಣೆಗೆ, ಇಳಿಸುವಾಗ ಒಡೆದ ಎರಡು ಜಾಡಿಗೆ 3,800. ಯುಪಿಎಸ್ ಬೇಕು ಎಂದು ಮಾರಿದವನು ಹೇಳಲೇ ಇಲ್ಲ. ಮೇ ತಿಂಗಳ ಒಂದು ರಾತ್ರಿ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಶಕ್ತಿನಗರದಲ್ಲಿ ಊರಿಗೆಲ್ಲ ವಿದ್ಯುತ್ ತಯಾರಾಗುತ್ತದೆ, ನಮಗೆ ಮಾತ್ರ ದೀಪದ ಕೆಳಗೆ ಕತ್ತಲೆ. ಬುಟ್ಟಿ ನೀರು ತೆಗೆಯುವ ಆಲ್ಕೋಹಾಲಿನಿಂದ ಎದ್ದಿತ್ತು, ಮೇಣಕ್ಕೆ ಮುಂಚಿನ ದ್ರಾವಕವಾದ ಝೈಲೀನಿಗೆ ಇಳಿದಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದರೆ ಹತ್ತೊಂಬತ್ತು ಕ್ಯಾಸೆಟ್ (ಅಂಗಾಂಶ ಇಡುವ ಪುಟ್ಟ ಜಾಲರಿ ಡಬ್ಬಿ) ಗಾಳಿಯಲ್ಲಿ ತೂಗಾಡುತ್ತಿವೆ. ಅಂಗಾಂಶ ಹಪ್ಪಳದಂತೆ ಒಣಗಿತ್ತು. ಅದರಲ್ಲಿ ನಾಲ್ಕು ಗರ್ಭಕೋಶ ಒಳಪದರದ ಬಯಾಪ್ಸಿ. ಒಬ್ಬ ತಾಯಿಯನ್ನು ಮತ್ತೆ ಕರೆಸಿ ಮತ್ತೆ ಕೆರೆದು ತೆಗೆಯಬೇಕಾಯಿತು. ಮಸ್ಕಿಯಿಂದ ಬಂದಿದ್ದರು, ಅವರ ಬಸ್ಸಿನ ಹಣ ನಾನೇ ಕೊಟ್ಟೆ, ಮುಖ ತೋರಿಸಲಿಲ್ಲ. ಮರುವಾರ 72,000 ಕೊಟ್ಟು ಯುಪಿಎಸ್ ಹಾಕಿಸಿದೆ. ಈಗ ಯಂತ್ರ ದೇವರಂತೆ ನಡೆಯುತ್ತಿದೆ.

ಬಳ್ಳಾರಿಯ ನಿವೃತ್ತ ಟೆಕ್ನೀಷಿಯನ್:
ಮೂರು ಲಕ್ಷ ಸುರಿದು ಹಪ್ಪಳ ಸುಟ್ಟವರ ಸಲಹೆ ಕೇಳಬೇಡಿ. ಮೂವತ್ತೊಂದು ವರ್ಷ ಕೈಯಿಂದಲೇ ಮಾಡಿದ್ದೇನೆ. ತಗ್ಗಾಗುವುದು ಎಂದರೆ ಒಳಗಿನ ನೀರು ಹೋಗಿಲ್ಲ ಎಂದರ್ಥ, ಅದು ಯಂತ್ರದ ಮಾತಲ್ಲ. ಗ್ರಾಸಿಂಗಿನಲ್ಲಿ, ಅಂದರೆ ಅಂಗಾಂಶ ಕೊಯ್ದು ಕ್ಯಾಸೆಟ್ಟಿಗೆ ಹಾಕುವಾಗ, ತುಂಡು ಎಷ್ಟು ದಪ್ಪ ಇದೆ ಎಂದು ಮೊದಲು ನೋಡಿ. ಮೂರು ಮಿಲಿಮೀಟರ್ ದಾಟಬಾರದು, ಬಹಳವಾದರೆ ನಾಲ್ಕು. ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಲಿನ್ ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಒಳಗೆ ಹೋಗುತ್ತದೆ. ನಮ್ಮ ಹುಡುಗರು ಕ್ಯಾಸೆಟ್ ಮುಚ್ಚಳ ಒತ್ತಿ ಹಾಕುವಷ್ಟು ದಪ್ಪ ತುಂಡು ತುಂಬುತ್ತಾರೆ. ಎಥನಾಲ್ ತರಲು ಅಬಕಾರಿ ಪರವಾನಗಿಯ ತಲೆನೋವು, ಹಾಗಾಗಿ ಎಲ್ಲರಂತೆ ನಾನೂ ಐಸೋಪ್ರೊಪೈಲ್ ಆಲ್ಕೋಹಾಲನ್ನೇ ಬಳಸಿದೆ. ಕೊನೆಯ ಜಾಡಿಯ ತಳದಲ್ಲಿ ನೀರಿಲ್ಲದ ಬಿಳಿ ಮೈಲುತುತ್ತದ ಪುಡಿ, ಮೇಲೆ ಫಿಲ್ಟರ್ ಕಾಗದ. ಪುಡಿ ನೀಲಿಯಾಯಿತೆಂದರೆ ಆಲ್ಕೋಹಾಲಿಗೆ ನೀರು ಸೇರಿದೆ, ಚೆಲ್ಲಬೇಕು. ಉಳಿತಾಯವೆಂದು ಅದನ್ನೇ ಮೂರು ವಾರ ಓಡಿಸುವ ಮಾಲೀಕರನ್ನು ಕಂಡಿದ್ದೇನೆ.

ನನ್ನ ತಪ್ಪನ್ನೂ ಹೇಳುತ್ತೇನೆ. ಒಂದು ಬೇಸಿಗೆ, ಕೋಣೆ ಕೆಂಡವಾಗಿದೆ ಎಂದು ಫಾರ್ಮಲಿನ್ ಕ್ಯಾನನ್ನು ಫ್ರಿಜ್ಜಿನಲ್ಲಿಟ್ಟೆ. ತಳದಲ್ಲಿ ಬಿಳಿ ಗಸಿ ಕಟ್ಟಿತು. ಮೇಲಿನ ತಿಳಿಯನ್ನೇ ಅಳೆದು ಬಳಸಿದೆ. ಶಕ್ತಿಯೆಲ್ಲ ಗಸಿಯಲ್ಲಿತ್ತು. ಆ ವಾರದ ಬ್ಲಾಕ್‌ಗಳ ನೆನಪು ಬೇಡ.

ರಾಯಚೂರಿನ ಲ್ಯಾಬ್ ಮಾಲೀಕ:
ಹಪ್ಪಳ ಸುಟ್ಟವನು ತಾನೇ ಒಪ್ಪಿಕೊಂಡಿದ್ದಾನಲ್ಲ, ಹಿರಿಯರೇ. ನಿಮ್ಮ ಮೂವತ್ತೊಂದು ವರ್ಷದಲ್ಲಿ ರಾತ್ರಿ ಎರಡಕ್ಕೆ ಎದ್ದು ಜಾಡಿ ಬದಲಿಸಿದವರು ಯಾರು? ನೀವೋ, ದಿನಗೂಲಿಯ ಹುಡುಗನೋ?

ಕೊಪ್ಪಳದ ಪೆಥಾಲಜಿಸ್ಟ್:
ಯಂತ್ರ, ಕೈ ಎಂದು ಜಗಳವಾಡುತ್ತಿದ್ದೀರಿ. ಅಂಗಾಂಶ ಹಾಳಾಗುವುದು ಅದಕ್ಕೂ ಮೊದಲೇ, ಆಪರೇಷನ್ ಕೋಣೆಯಲ್ಲಿ. ಒಂದು ಶನಿವಾರ ಸಂಜೆ ಇಡೀ ಸ್ತನ ಪೇಂಟ್ ಡಬ್ಬಿಯಲ್ಲಿ ಬಂತು. ಸೀಳಿರಲಿಲ್ಲ, ಫಾರ್ಮಲಿನ್ ಅರ್ಧ ಮಾತ್ರ ಮುಳುಗುವಷ್ಟಿತ್ತು. ಅಂಗಾಂಶದ ಹತ್ತು ಪಟ್ಟಾದರೂ ಬೇಕು. ನಾನು ಊರಿನಲ್ಲಿರಲಿಲ್ಲ, ಸೋಮವಾರ ತೆರೆದೆ. ಹೊರಪದರ ಬೆಂದ ಮೊಟ್ಟೆಯಂತೆ ಗಟ್ಟಿ, ನಡುವಿನ ಗಡ್ಡೆ ಕೊಳೆತ ಬಾಳೆಹಣ್ಣು. ಗಡ್ಡೆ ಹಾರ್ಮೋನ್ ಮಾತ್ರೆಗೆ ಬಗ್ಗುತ್ತದೆಯೇ ಎಂದು ತಿಳಿಸುವ ಈಸ್ಟ್ರೋಜನ್ ರಿಸೆಪ್ಟರ್ ಪರೀಕ್ಷೆಗೆ ಬ್ಲಾಕ್ ಬೆಂಗಳೂರಿಗೆ ಹೋಯಿತು, ನೆಗೆಟಿವ್ ಬಂತು. ಆಪರೇಷನ್ನಿಗೆ ಮೊದಲು ತೆಗೆದ ಸೂಜಿ ಬಯಾಪ್ಸಿಯಲ್ಲಿ ಅದೇ ಪರೀಕ್ಷೆ ಪಾಸಿಟಿವ್ ಇತ್ತು! ಆ ಹಳೆಯ ವರದಿ ಕಡತದಲ್ಲಿ ಸಿಗದಿದ್ದರೆ ಆಕೆಗೆ ಹಾರ್ಮೋನ್ ಮಾತ್ರೆಯೇ ತಪ್ಪುತ್ತಿತ್ತು. ಸ್ತನದ ಅಂಗಾಂಶ ಒಂದು ಗಂಟೆಯೊಳಗೆ ಸೀಳಿ ಫಾರ್ಮಲಿನ್ ಸೇರಬೇಕು, ಆರು ಗಂಟೆಗಿಂತ ಕಡಿಮೆ ಇರಬಾರದು, ಎಪ್ಪತ್ತೆರಡು ಗಂಟೆ ಮೀರಬಾರದು. ಈಗ ಪ್ರತಿ ಡಬ್ಬಿಯ ಮೇಲೆ ಎರಡು ಸಮಯ ಬರೆಸುತ್ತೇನೆ: ತೆಗೆದದ್ದು, ಮುಳುಗಿಸಿದ್ದು. ಎರಡೂ ಒಂದೇ ಎಂದು ಬರೆದು ಕಳಿಸುವ ಜಾಣರೂ ಇದ್ದಾರೆ.

ಫಾರ್ಮಲಿನ್ನನ್ನು ನಲ್ಲಿ ನೀರಿನಲ್ಲಿ ಬೆರೆಸುವವರಿಗೊಂದು ಮಾತು. ಅದು ಹುಳಿಯಾಗದಿರಲೆಂದು ಲೀಟರಿಗೆ ನಾಲ್ಕು ಗ್ರಾಂ ಮತ್ತು ಆರೂವರೆ ಗ್ರಾಂ, ಎರಡು ಬಗೆಯ ಸೋಡಿಯಂ ಫಾಸ್ಫೇಟ್ ಹಾಕುತ್ತೀರಲ್ಲ, ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಅದು ಮಜ್ಜಿಗೆಯಂತೆ ಮಸುಕಾಗುತ್ತದೆ. ಡಿಸ್ಟಿಲ್ಡ್ ನೀರನ್ನೇ ಬಳಸಿ.

ಬಳ್ಳಾರಿಯ ನಿವೃತ್ತ ಟೆಕ್ನೀಷಿಯನ್:
ಮೇಡಂ, ಫಾಸ್ಫೇಟಿನ ಖರ್ಚು ಯಾಕೆ? ಕ್ಯಾನಿನ ತಳಕ್ಕೆ ಅಮೃತಶಿಲೆಯ ಚೂರು ಹಾಕಿ ಜೀವನವೆಲ್ಲ ಕಳೆದೆವು. ಇನ್ನು ಗಡಸು ನೀರನ್ನು ಬೈಯಬೇಡಿ. ಸ್ಲೈಡಿಗೆ ಹೆಮಟಾಕ್ಸಿಲಿನ್ ಬಣ್ಣ ಹಾಕಿದ ಮೇಲೆ ಜೀವಕೋಶದ ನ್ಯೂಕ್ಲಿಯಸ್ ನೀಲಿಯಾಗಲು ನಮ್ಮ ನಲ್ಲಿಯ ನೀರೇ ಸಾಕು, ಐದು ನಿಮಿಷ. ಬೇರೆ ಊರಿನವರು ಅದಕ್ಕೆ ಕ್ಷಾರ ಲವಣದ ದ್ರಾವಣ ಕೊಳ್ಳುತ್ತಾರೆ.

ಕೊಪ್ಪಳದ ಪೆಥಾಲಜಿಸ್ಟ್:
ನೀಲಿಯ ಮಾತು ಒಪ್ಪಿದೆ. ಅಮೃತಶಿಲೆ ಒಪ್ಪುವುದಿಲ್ಲ. ಕ್ಯಾನಿನಲ್ಲಿ ಇರುವಷ್ಟು ಹೊತ್ತು ಸರಿ, ಡಬ್ಬಿಗೆ ಬಗ್ಗಿಸಿದ ಮೇಲೆ ಮತ್ತೆ ಹುಳಿಯಾಗುತ್ತದೆ. ರಕ್ತ ತುಂಬಿದ ಗುಲ್ಮದ ಸ್ಲೈಡಿನಲ್ಲಿ ಕಂದುಗಪ್ಪು ಕಣ ಕಂಡು ಮಲೇರಿಯಾ ಇರಬಹುದೇ ಎಂದು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡವಳು ನಾನು. ಅದು ಹುಳಿಯಾದ ಫಾರ್ಮಲಿನ್ ರಕ್ತದೊಡನೆ ಸೇರಿ ಕಟ್ಟುವ ಕಣ. ಯಾರದೋ ಅಮೃತಶಿಲೆಯ ಕೃಪೆ.

ಗಂಗಾವತಿಯ ಶಸ್ತ್ರಚಿಕಿತ್ಸಕ:
ಎಲ್ಲ ತಪ್ಪೂ ಆಪರೇಷನ್ ಕೋಣೆಯದೇ! ಸರಿ. ಮೊದಲು ನಾನು ಗಡ್ಡೆಯನ್ನು ಸೀಳಿಯೇ ಕಳಿಸುತ್ತಿದ್ದೆ. ಒಂದು ಸಲ ಲ್ಯಾಬಿನಿಂದ ವರದಿ: ‘ಅಂಚು ಛಿದ್ರವಾಗಿದೆ, ಗಡ್ಡೆ ಪೂರ್ತಿ ಹೋಗಿದೆಯೋ ಇಲ್ಲವೋ ಹೇಳಲಾಗದು’. ರೋಗಿಯ ಮಗ ಆ ಸಾಲು ಹಿಡಿದು ನನ್ನ ಮೇಜಿನ ಮುಂದೆ ಕುಳಿತ. ಅಂದಿನಿಂದ ಸೀಳುವುದಿಲ್ಲ. ಡಬ್ಬಿ ನೀವು ಕೊಡುವುದಿಲ್ಲ. ನಮ್ಮ ಆಯಾ ಉಪ್ಪಿನಕಾಯಿ ಬಾಟಲಿ ತರುತ್ತಾಳೆ, ಮೆತ್ತಗಿದ್ದಾಗ ಒಳಗೆ ಹೋದ ಗರ್ಭಕೋಶ ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ನೀವು ಬಾಟಲಿ ಒಡೆದು ಫೋನಿನಲ್ಲಿ ನನ್ನನ್ನು ಬೈಯುತ್ತೀರಿ.

ಕೊಪ್ಪಳದ ಪೆಥಾಲಜಿಸ್ಟ್:
ಡಾಕ್ಟರೇ, ಅಂಚಿಗೆ ಶಾಯಿ ಹಚ್ಚಿ, ಹೊಲಿಗೆ ದಾರದಿಂದ ಗುರುತು ಕಟ್ಟಿ, ಹಿಂಬದಿಯಿಂದ ಸೀಳಿದರೆ ಯಾವ ಅಂಚೂ ಹೋಗುವುದಿಲ್ಲ. ನಿಮ್ಮಲ್ಲಿಂದ ಎರಡು ಸಲ ಅಂಗಾಂಶ ಫಾರ್ಮಲಿನ್ ಬದಲು ಸಲೈನಿನಲ್ಲಿ, ಬರೀ ಉಪ್ಪುನೀರಿನಲ್ಲಿ, ಬಂದಿದೆ, ಅದನ್ನೂ ಹೇಳಲೇ?

ಗಂಗಾವತಿಯ ಶಸ್ತ್ರಚಿಕಿತ್ಸಕ:
ನಮ್ಮಲ್ಲಿಂದ ಎಂದು ಹೇಗೆ ಗೊತ್ತು? ಗಂಗಾವತಿಯಲ್ಲಿ ನಾನೊಬ್ಬನೇ ಕತ್ತಿ ಹಿಡಿದವನೇ?

ರಾಯಚೂರಿನ ಲ್ಯಾಬ್ ಮಾಲೀಕ:
ಇವರ ಜಗಳದಲ್ಲಿ ಬೇಸಿಗೆಯನ್ನೇ ಮರೆತರು. ನಲವತ್ತೆರಡು ಡಿಗ್ರಿ ಕೋಣೆಯಲ್ಲಿ ಯಾವ ಮೇಣ ನಿಲ್ಲುತ್ತದೆ? 58–60 ಡಿಗ್ರಿಗೆ ಕರಗುವ ಮೇಣವನ್ನೇ ತರಿಸುತ್ತೇನೆ. ಬ್ಲಾಕ್ ತಣ್ಣಗಾಗಿಸಲು ಎದುರಿನ ಕಬ್ಬಿನ ಹಾಲಿನ ಅಂಗಡಿಯಿಂದ ದಿನಕ್ಕೆ ನಲವತ್ತು ರೂಪಾಯಿಯ ಐಸ್. ಬೇಸಿಗೆ ಮೂರು ತಿಂಗಳಿಗೆ ಲೆಕ್ಕ ಹಾಕಿ, 3,600. ಅವನು ಬಾಗಿಲು ಹಾಕಿದ ದಿನ ನಮ್ಮ ಮೈಕ್ರೋಟೋಮಿಗೂ (ಬ್ಲಾಕ್ ಕತ್ತರಿಸುವ ಕೆಲಸಕ್ಕೂ) ರಜೆ.

ಬಳ್ಳಾರಿಯ ನಿವೃತ್ತ ಟೆಕ್ನೀಷಿಯನ್:
ಬ್ಲಾಕ್ ಇಟ್ಟ ಐಸ್ ತಟ್ಟೆಯನ್ನು ಮತ್ತೆ ಆ ಅಂಗಡಿಗೇ ಕಳಿಸುವುದಿಲ್ಲ ತಾನೇ?

ರಾಯಚೂರಿನ ಲ್ಯಾಬ್ ಮಾಲೀಕ:
ಮಾತು ಹಿಡಿತದಲ್ಲಿರಲಿ. ಥರ್ಮೋಕೋಲ್ ಡಬ್ಬಿ ನಮ್ಮದು, ತಟ್ಟೆ ನಮ್ಮದು. ಐಸ್ ಮಾತ್ರ ಅವನದು.

ಸಿಂಧನೂರಿನ ಟೆಕ್ನೀಷಿಯನ್:
ಎಲ್ಲರಿಗೂ ಧನ್ಯವಾದ. ಇಂದು ಅಳತೆಪಟ್ಟಿ ಇಟ್ಟು ನೋಡಿದೆ, ನಮ್ಮ ತುಂಡುಗಳು ಆರು ಮಿಲಿಮೀಟರ್ ಇವೆ. ಕೊನೆಯ ಆಲ್ಕೋಹಾಲಿಗೆ ಮೈಲುತುತ್ತ ಹಾಕಿದೆ, ಹತ್ತು ನಿಮಿಷಕ್ಕೆ ನೀಲಿ. ಅದನ್ನು ಬದಲಿಸಿದ್ದು ಯುಗಾದಿಗೂ ಮೊದಲು. ಮಾಲೀಕರಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೇನೆ, ಏಕೆಂದರೆ ಯಂತ್ರಕ್ಕೆ ಮುಂಗಡ ಕೊಡಲು ಅವರು ನಿನ್ನೆಯೇ ಹೈದರಾಬಾದಿನ ಬಸ್ ಹತ್ತಿದ್ದಾರೆ.

ರಾಯಚೂರಿನ ಲ್ಯಾಬ್ ಮಾಲೀಕ:
ಯುಪಿಎಸ್ ಸೇರಿಸಿ ಬೆಲೆ ಮಾತನಾಡಲು ಈಗಲೇ ಫೋನ್ ಮಾಡಿ.